ಸಹಜ ಮುಖಭಾವವೂ ಬೆಳಕಿನ ಸಾಕ್ಷ್ಯವೂ: ಕನು ಗಾಂಧಿಯವರ ಛಾಯಾಚಿತ್ರಗಳನ್ನು ಕುರಿತು ಒಂದು ವಿವೇಚನೆ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯಲ್ಲಿ ಇತಿಹಾಸದ ಆಧಾರಸಾಮಗ್ರಿಗಳನ್ನು ಕುರಿತ ಪಾಠ ನಡೆಯುತ್ತಿದ್ದಾಗ, ತಮ್ಮ ತಮ್ಮ ಮನೆಗಳಲ್ಲಿರುವ ಹಳೆಯ ಛಾಯಾಚಿತ್ರಗಳಲ್ಲಿ ಒಂದೊಂದನ್ನು ತರುವಂತೆ ವಿದ್ಯಾರ್ಥಿಗಳಿಗೆ ಸೂಚಿಸಿದ್ದೆವು. ಒಬ್ಬ ವಿದ್ಯಾರ್ಥಿನಿ ತಂದಿದ್ದ ಚಿತ್ರದಲ್ಲಿ ಆಕೆಯ ಮುತ್ತಜ್ಜ ಅಂಗಳದಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಹುಬ್ಬು ಗಂಟಿಕ್ಕಿತ್ತು, ಕಣ್ಣುಗಳು ಕಿರಿದಾಗಿದ್ದುವು, ತುಟಿ ಬಿಗಿದಿತ್ತು. ಆ ಮುಖವನ್ನು ತೋರಿಸಿ, ಅವಿಭಕ್ತ ಕುಟುಂಬದ ಯಜಮಾನನ ಅಧಿಕಾರಮುದ್ರೆ ಎಂಥದೆಂಬುದನ್ನು ನಾವು ಸಾಕಷ್ಟು ವಿಸ್ತಾರವಾಗಿಯೇ ವಿವರಿಸಿದೆವು. ಪಾಠ ಮುಗಿದ ಮೇಲೆ ಆಕೆ ಸಂಕೋಚದಿಂದ ಬಂದು, ತನ್ನ ಅಜ್ಜಿಯ ಮಾತಿನಂತೆ ಅವರು ಬಹಳ ನಗುವ ಮನುಷ್ಯರಾಗಿದ್ದರೆಂದೂ ಆ ದಿನ ಅವರನ್ನು ಬಿಸಿಲಿಗೆ ಎದುರಾಗಿ ಕೂರಿಸಿದ್ದರೆಂದೂ ತಿಳಿಸಿದಳು. ಚಿತ್ರವನ್ನು ಮತ್ತೊಮ್ಮೆ ನೋಡಿದೆವು. ಮೂಗಿನ ನೆರಳು ತುಟಿಯ ಮೇಲೆ ನೇರವಾಗಿ ಬಿದ್ದಿತ್ತು. ಕುರ್ಚಿಯ ನೆರಳು ಹಿಂದಕ್ಕೆ ಸರಿದಿತ್ತು. ನಮ್ಮ ವ್ಯಾಖ್ಯಾನಕ್ಕೆ ವಿರುದ್ಧವಾದ ಸಾಕ್ಷ್ಯ ಚಿತ್ರದಲ್ಲಿಯೇ ಇದ್ದಿತು. ನಾವು ಮುಖವನ್ನು ಮೊದಲು ಓದಿ, ಬೆಳಕನ್ನು ಓದದೆಯೇ ಬಿಟ್ಟಿದ್ದೆವು.

ಪ್ರಕೃತ ಲೇಖನಕ್ಕೆ ಆ ತಪ್ಪೇ ಮೂಲ. ಇಂದು ಮದುವೆಯ ಮನೆಗಳಲ್ಲಿ ಸಹ ‘ಕ್ಯಾಂಡಿಡ್’ ಚಿತ್ರಗಳಿಗೆಂದು ಪ್ರತ್ಯೇಕವಾಗಿ ಒಬ್ಬ ಛಾಯಾಗ್ರಾಹಕನನ್ನು ಗೊತ್ತುಮಾಡುವ ರೂಢಿ ಬಂದಿದೆ. ಕುಳಿತುಕೊಳ್ಳುವ ಭಂಗಿಯನ್ನು ಹೇಳಿಕೊಡದೆ, ವ್ಯಕ್ತಿಯು ತನ್ನ ಪಾಡಿಗೆ ತಾನಿರುವಾಗ ತೆಗೆದ ಭಾವಚಿತ್ರಕ್ಕೆ ಈ ಹೆಸರು. ನಾವು ಅದನ್ನು ಇಲ್ಲಿ ‘ಸಹಜ ಭಾವಚಿತ್ರ’ ಎಂದು ಕರೆಯುತ್ತೇವೆ. ಮುಖ ಮನಸ್ಸಿನ ಕನ್ನಡಿಯೆಂಬ ಗಾದೆಯನ್ನು ನಂಬಿ, ಇಂಥ ಚಿತ್ರಗಳಲ್ಲಿ ವ್ಯಕ್ತಿಯ ನಿಜಸ್ವರೂಪವೇ ಸಿಕ್ಕಿತೆಂದು ಭಾವಿಸುವುದು ಸಾಮಾನ್ಯವಾಗಿದೆ. ಪಠ್ಯಪುಸ್ತಕಗಳೂ ಇತಿಹಾಸ ಗ್ರಂಥಗಳೂ ಈ ಭಾವನೆಗೆ ಹೊರತಾಗಿಲ್ಲ. ಸಹಜತೆ ಎಂಬುದು ಯಾವ ನಿಬಂಧನೆಗಳಿಂದ ಹುಟ್ಟುತ್ತದೆ, ಆ ನಿಬಂಧನೆಗಳು ಏನನ್ನು ತೋರಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ಮಹಾತ್ಮಾ ಗಾಂಧಿಯವರ ಚಿತ್ರಗಳನ್ನು ತೆಗೆದ ಕನು ಗಾಂಧಿಯವರ ಕೃತಿಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಇಲ್ಲಿಯ ಉದ್ದೇಶ.

ಮೊದಲು ಸ್ವಲ್ಪ ಪೂರ್ವೇತಿಹಾಸ. ೧೮೩೯ರಲ್ಲಿ ದಾಗೆರೊ ಅವರ ವಿಧಾನವು ಪ್ಯಾರಿಸ್ಸಿನಲ್ಲಿ ಪ್ರಕಟವಾದಾಗ, ಒಂದು ಫಲಕವನ್ನು ಹಲವು ನಿಮಿಷಗಳ ಕಾಲ ಬೆಳಕಿಗೆ ಒಡ್ಡಬೇಕಾಗಿತ್ತು. ಜೀವಂತ ಮುಖವೊಂದು ಅಷ್ಟು ಹೊತ್ತು ಅಲುಗಾಡದೆ ಇರುವುದು ಬಹು ಕಷ್ಟ. ೧೮೪೦ರಲ್ಲಿ ವಿಯೆನ್ನಾದ ಪೆಟ್ಜ್‌ವಾಲ್ ರೂಪಿಸಿದ ಮಸೂರವು ಹೆಚ್ಚು ಬೆಳಕನ್ನು ಒಳಬಿಟ್ಟು ಈ ಅವಧಿಯನ್ನು ಬಹಳವಾಗಿ ತಗ್ಗಿಸಿತು. ಆದರೂ ತಲೆಯ ಹಿಂದೆ ಕಬ್ಬಿಣದ ಆನಿಕೆಯನ್ನು ಇಡುವ ಪದ್ಧತಿ ದೀರ್ಘಕಾಲ ಉಳಿಯಿತು. ನಗು ಕ್ಷಣಿಕವಾದದ್ದು; ಅದನ್ನು ಹಿಡಿದಿಟ್ಟರೆ ಹಲ್ಲುಕಿರಿತವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮುಖಗಳೆಲ್ಲ ಗಂಭೀರವಾಗಿ ಕಾಣುವುದಕ್ಕೆ ತೈಲಚಿತ್ರಗಳಿಂದ ಬಂದ ಮರ್ಯಾದೆಯ ಕಲ್ಪನೆ ಒಂದು ಕಾರಣವಾದರೆ, ಬೆಳಕಿನ ಈ ಬಡತನ ಮತ್ತೊಂದು ಕಾರಣ. ಆ ಕಾಲದ ಜನ ನಗುತ್ತಿರಲಿಲ್ಲವೆಂದು ಯಾರಾದರೂ ತೀರ್ಮಾನಿಸಿದರೆ ಅದು ಇತಿಹಾಸವಾಗಲಾರದು.

ದೀರ್ಘ ಅವಧಿಯೆಂದರೆ ಕೃತಕತೆಯೇ ಎಂದೂ ಹೇಳುವಂತಿಲ್ಲ. ೧೮೪೩ರಿಂದ ೧೮೪೭ರವರೆಗೆ ಎಡಿನ್‌ಬರೊ ನಗರದಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಮತ್ತು ರಾಬರ್ಟ್ ಆಡಮ್ಸನ್ ಜೊತೆಗೂಡಿ ತೆಗೆದ ಚಿತ್ರಗಳಲ್ಲಿ ನ್ಯೂಹೇವನ್ನಿನ ಬೆಸ್ತರೂ ಬೆಸ್ತಗಿತ್ತಿಯರೂ ಬಯಲಿನ ಬಿಸಿಲಿನಲ್ಲಿ ಒಬ್ಬರಿಗೊಬ್ಬರು ಒರಗಿಕೊಂಡು ನಿಂತಿದ್ದಾರೆ. ಆ ಒರಗುವಿಕೆ ಅಲುಗಾಟವನ್ನು ತಪ್ಪಿಸುವ ಉಪಾಯವೂ ಹೌದು, ಒಟ್ಟಿಗೆ ಬಾಳುವವರ ಸಲಿಗೆಯ ಚಿಹ್ನೆಯೂ ಹೌದು. ಕಲ್ಕತ್ತೆಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ೧೮೬೭ರಲ್ಲಿ ತೆಗೆದ ಸರ್ ಜಾನ್ ಹರ್ಷೆಲ್ ಅವರ ಭಾವಚಿತ್ರದಲ್ಲಿ ಮುಖದ ಅಂಚುಗಳು ಕೊಂಚ ಮಸುಕಾಗಿವೆ. ಕತ್ತಲೆಯಿಂದ ಮೂಡಿಬಂದಂತಿರುವ ಆ ಮುಖದಲ್ಲಿ ಮುಪ್ಪಿನ ವಿಜ್ಞಾನಿಯೊಬ್ಬನ ಆಯಾಸ ಸ್ಪಷ್ಟವಾಗಿದೆ. ಸಹಜತೆಗೂ ವೇಗಕ್ಕೂ ನೇರವಾದ ಸಂಬಂಧವಿಲ್ಲವೆಂಬುದಕ್ಕೆ ಇವು ನಿದರ್ಶನಗಳು.

ಇಂದು ನಾವು ಅರಿತಿರುವ ಅರ್ಥದಲ್ಲಿ ಸಹಜ ಭಾವಚಿತ್ರವು ರೂಢಿಗೆ ಬಂದುದು ಬರ್ಲಿನ್ನಿನ ಎರಿಕ್ ಸಾಲೊಮನ್ ಅವರಿಂದ. ೧೮೮೬ರಲ್ಲಿ ಜನಿಸಿ, ನ್ಯಾಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಇವರು ನಲವತ್ತು ದಾಟಿದ ಮೇಲೆ ಕ್ಯಾಮರಾ ಹಿಡಿದರು. ಅವರು ಬಳಸಿದ ಎರ್ಮಾನಾಕ್ಸ್ ಎಂಬ ಚಿಕ್ಕ ಯಂತ್ರದ ಮಸೂರದ ತೆರವು ೧.೮ ಎಂಬ ಪ್ರಮಾಣದ್ದು. ಮಸೂರದ ನಾಭಿದೂರವನ್ನು ತೆರವಿನ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಇದು. ಸಂಖ್ಯೆ ಕಿರಿದಾದಷ್ಟೂ ಒಳಬರುವ ಬೆಳಕು ಹೆಚ್ಚು. ಇಂಥ ಮಸೂರವಿದ್ದುದರಿಂದ ಕೋಣೆಯ ದೀಪದ ಬೆಳಕಿನಲ್ಲಿಯೇ ಚಿತ್ರ ತೆಗೆಯುವುದು ಸಾಧ್ಯವಾಯಿತು. ಭಗ್ಗೆಂದು ಉರಿದು ಹೊಗೆ ತುಂಬುವ ಮಗ್ನೀಸಿಯಂ ಪುಡಿಯ ಅವಶ್ಯಕತೆ ತಪ್ಪಿತು. ೧೯೨೮ರಲ್ಲಿ ಬರ್ಲಿನ್ನಿನ ಒಂದು ಕೊಲೆ ಮೊಕದ್ದಮೆಯ ಕಾಲದಲ್ಲಿ ಅವರು ಟೋಪಿಯೊಳಗೆ ಯಂತ್ರವನ್ನು ಅಡಗಿಸಿಟ್ಟು ನ್ಯಾಯಾಲಯದ ಚಿತ್ರಗಳನ್ನು ತೆಗೆದರು. ೧೯೩೧ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರೇ, ಪ್ರಸಿದ್ಧ ಸಮಕಾಲೀನರನ್ನು ಅವರು ಎಚ್ಚರ ತಪ್ಪಿದ ಗಳಿಗೆಗಳಲ್ಲಿ ತೋರಿಸುವುದೆಂಬ ಅರ್ಥವನ್ನು ಕೊಡುತ್ತದೆ.

ಅವರ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೧೯೩೦ರ ಜನವರಿಯಲ್ಲಿ ಹೇಗ್ ನಗರದಲ್ಲಿ ನಡೆದ ಯುದ್ಧಪರಿಹಾರ ಸಮ್ಮೇಳನದ್ದು. ನಡುರಾತ್ರಿ ಕಳೆದ ಮೇಲೆ ಫ್ರಾನ್ಸ್ ಮತ್ತು ಜರ್ಮನಿಗಳ ಸಚಿವರು ಕುರ್ಚಿಗಳಲ್ಲಿ ಕುಸಿದು ತೂಕಡಿಸುತ್ತಿದ್ದಾರೆ. ದೀಪದ ಬೆಳಕು ಅವರ ಅಂಗಿಗಳ ಎದೆಯ ಮೇಲೂ ಹಣೆಗಳ ಮೇಲೂ ಬಿದ್ದಿದೆ. ಕಲೆಯ ದೃಷ್ಟಿಯಿಂದ ಇದು ಮೆಚ್ಚತಕ್ಕ ಚಿತ್ರ. ಕೋಣೆಯಲ್ಲಿದ್ದ ಬೆಳಕಿಗಿಂತ ಬೇರೆ ಬೆಳಕನ್ನು ತರದೆ ಇದ್ದುದರಿಂದ, ಆ ರಾತ್ರಿಯ ಭಾರವೆಲ್ಲ ಅದರಲ್ಲಿ ಉಳಿದಿದೆ. ಆದರೆ ಇದನ್ನು ಆಧಾರವಾಗಿ ಬಳಸುವಾಗ ಎಚ್ಚರ ಬೇಕು. ಕೋಟ್ಯಂತರ ಜನರ ಹಣೆಬರಹವನ್ನು ನಿದ್ದೆಗಣ್ಣಿನ ಮುದುಕರು ಬರೆದರೆಂದು ಪರಿಹಾಸ ಮಾಡುವುದಕ್ಕೂ ಇದು ಒದಗುತ್ತದೆ. ನಡುರಾತ್ರಿ ಮೀರಿಯೂ ಮಾತುಕತೆಯನ್ನು ಬಿಡದೆ ನಡೆಸಿದರೆಂದು ಹೊಗಳುವುದಕ್ಕೂ ಇದೇ ಒದಗುತ್ತದೆ. ಚಿತ್ರವು ನಿಶ್ಚಯವಾಗಿ ಹೇಳುವುದು ಹೊತ್ತು ಬಹಳವಾಗಿತ್ತು, ದೇಹ ದಣಿದಿತ್ತು ಎಂಬಷ್ಟನ್ನೇ. ವ್ಯಕ್ತಿಗಳ ಗುಣಾವಗುಣಗಳನ್ನು ಅಲ್ಲಿಂದ ಎತ್ತಿಕೊಳ್ಳುವುದು, ಮುತ್ತಜ್ಜನ ಹುಬ್ಬಿನಿಂದ ಯಜಮಾನಿಕೆಯನ್ನು ಎತ್ತಿಕೊಂಡ ನಮ್ಮ ತಪ್ಪಿಗೆ ಸಮಾನವಾದದ್ದೇ. ಸಾಲೊಮನ್ ಅವರ ಬಾಳಿನ ಕೊನೆ ದಾರುಣವಾದದ್ದು. ಯೆಹೂದಿಯರಾದ ಅವರು ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದರೂ ನಾಜಿಗಳ ಕೈಗೆ ಸಿಕ್ಕಿ ೧೯೪೪ರಲ್ಲಿ ಆಷ್‌ವಿಟ್ಜ್ ಶಿಬಿರದಲ್ಲಿ ಹತರಾದರು.

ಸಾಲೊಮನ್ ಅವರದು ಕದ್ದು ನೋಡುವ ಮಾರ್ಗ. ಅದಕ್ಕೆ ತೀರ ವಿರುದ್ಧವಾದ ಮಾರ್ಗವೊಂದು ಕೆಲವೇ ವರ್ಷಗಳಲ್ಲಿ ನಮ್ಮ ದೇಶದ ಸೇವಾಗ್ರಾಮದಲ್ಲಿ ರೂಪುಗೊಂಡಿತು. ಕನು ಗಾಂಧಿ (೧೯೧೭–೧೯೮೬) ಮಹಾತ್ಮರ ಸೋದರಸಂಬಂಧಿ ನಾರಣದಾಸ ಗಾಂಧಿಯವರ ಮಗ. ಆಶ್ರಮದ ಕಚೇರಿಯಲ್ಲಿ ಕೆಲಸಮಾಡುತ್ತಿದ್ದ ತರುಣ. ಘನಶ್ಯಾಮದಾಸ ಬಿರ್ಲಾ ಅವರಿಂದ ದೊರೆತ ನೂರು ರೂಪಾಯಿಗಳಲ್ಲಿ ಒಂದು ರೋಲೈಫ್ಲೆಕ್ಸ್ ಕ್ಯಾಮರಾ ಕೊಂಡು, ೧೯೩೮ರಿಂದ ಸುಮಾರು ಹತ್ತು ವರ್ಷಗಳ ಕಾಲ ಅವರು ಮಹಾತ್ಮರ ಚಿತ್ರಗಳನ್ನು ತೆಗೆದರು. ಅನುಮತಿ ಕೊಡುವಾಗ ಮಹಾತ್ಮರು ಮೂರು ನಿಬಂಧನೆಗಳನ್ನು ವಿಧಿಸಿದರು: ಕೃತಕವಾದ ಮಿಂಚುಬೆಳಕನ್ನು ಬಳಸಕೂಡದು, ತಮ್ಮನ್ನು ಹೀಗೆ ಕುಳಿತುಕೊಳ್ಳಿ, ಹಾಗೆ ನೋಡಿ ಎಂದು ಕೇಳಕೂಡದು, ಆಶ್ರಮದಿಂದ ಇದಕ್ಕೆ ಹಣ ಕೇಳಕೂಡದು.

ಈ ನಿಬಂಧನೆಗಳನ್ನು ಸಾಮಾನ್ಯವಾಗಿ ಮಹಾತ್ಮರ ಸರಳತೆಯ ಪ್ರಸಂಗವಾಗಿ ಹೇಳುವುದುಂಟು. ನಮ್ಮ ಅಭಿಪ್ರಾಯದಲ್ಲಿ ಅವನ್ನು ಒಂದು ಕಲಾಶೈಲಿಯ ಸೂತ್ರಗಳೆಂದು ಓದುವುದು ಹೆಚ್ಚು ಫಲಕಾರಿ. ಮಿಂಚುಬೆಳಕು ಇಲ್ಲವೆಂದ ಮೇಲೆ ಛಾಯಾಗ್ರಾಹಕನು ಇರುವ ಬೆಳಕಿನ ಬಳಿಗೆ ಹೋಗಬೇಕು. ಭಂಗಿ ಇಲ್ಲವೆಂದ ಮೇಲೆ ಕಾಯಬೇಕು. ಹಣವಿಲ್ಲವೆಂದ ಮೇಲೆ, ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು ಬರುವ ಆ ಕ್ಯಾಮರಾದಲ್ಲಿ, ಎಣಿಸಿ ತೆಗೆಯಬೇಕು. ಇಂದು ಕೈಯಲ್ಲಿರುವ ಮೊಬೈಲಿನಿಂದ ನಿಮಿಷಕ್ಕೆ ನೂರು ಚಿತ್ರ ತೆಗೆಯಬಲ್ಲ ವಿದ್ಯಾರ್ಥಿಗೆ ಈ ಮೂರನೆಯ ನಿಬಂಧನೆಯ ತೂಕ ತಿಳಿಯುವುದು ಸ್ವಲ್ಪ ಕಷ್ಟ. ಗುಂಡಿಯನ್ನು ಒತ್ತುವ ಮೊದಲು ನೋಡುವ ಅಭ್ಯಾಸವನ್ನು ಬಡತನವೇ ಕಲಿಸಿತು.

ಯಂತ್ರದ ರಚನೆಯನ್ನೂ ಗಮನಿಸಬೇಕು. ರೋಲೈಫ್ಲೆಕ್ಸನ್ನು ಎದೆಯ ಅಥವಾ ಸೊಂಟದ ಮಟ್ಟದಲ್ಲಿ ಹಿಡಿದು, ಮೇಲಿನಿಂದ ಅದರ ಗಾಜಿನೊಳಗೆ ಬಗ್ಗಿ ನೋಡಬೇಕು. ಛಾಯಾಗ್ರಾಹಕನ ದೃಷ್ಟಿ ಎದುರಿನವನ ಕಣ್ಣಿಗೆ ತಾಕುವುದಿಲ್ಲ. ತಲೆ ತಗ್ಗಿಸಿ ನಿಂತವನಂತೆ ಕಾಣುತ್ತಾನೆ. ಮುಚ್ಚಳದ ಸದ್ದೂ ಅಲ್ಪ. ನೆಲದ ಮೇಲೆ ಕುಳಿತಿರುವವರನ್ನು ಅವರ ಮಟ್ಟದಿಂದಲೇ ನೋಡುವುದಕ್ಕೂ ಇದು ಅನುಕೂಲ. ಆಶ್ರಮದಂಥ, ನೆಲವೇ ಪೀಠವಾಗಿರುವ ಸ್ಥಳಕ್ಕೆ ಇದು ಒಪ್ಪುವ ಯಂತ್ರ.

ಇನ್ನು ಬೆಳಕು. ಆ ಕಾಲದ ರೋಲೈಫ್ಲೆಕ್ಸಿನ ಮಸೂರದ ತೆರವು ಸಾಮಾನ್ಯವಾಗಿ ೩.೫ರದು; ಎಂದರೆ ಸಾಲೊಮನ್ ಅವರ ಯಂತ್ರಕ್ಕೆ ಹೋಲಿಸಿದರೆ ಸುಮಾರು ನಾಲ್ಕರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಬರುತ್ತದೆ. ಸೇವಾಗ್ರಾಮದ ಕುಟೀರಗಳು ಮಣ್ಣಿನ ಗೋಡೆಯವು. ಹೆಂಚಿನ ಮಾಡು ತಗ್ಗಾಗಿ ಇಳಿದಿರತಕ್ಕವು. ಒಳಗೆ ಮಬ್ಬು, ಹೊರಗೆ ಮಧ್ಯಭಾರತದ ಕಣ್ಣುಕೋರೈಸುವ ಬಿಸಿಲು. ಇವೆರಡರ ನಡುವಣ ಜಗಲಿ, ಬಾಗಿಲ ಹತ್ತಿರದ ನೆಲ, ಮರದ ನೆರಳು ಇವೇ ಕನು ಗಾಂಧಿಯವರಿಗೆ ಒದಗುವ ಬೆಳಕಿನ ನೆಲೆಗಳು. ಇಂಥ ಕಡೆಗಳಲ್ಲಿ ಬೆಳಕು ಒಂದು ಪಕ್ಕದಿಂದ ಮೃದುವಾಗಿ ಬರುತ್ತದೆ. ಹೊದ್ದಿರುವ ಬಿಳಿಯ ಖಾದಿಯು ಅದರಲ್ಲಿ ಒಂದಷ್ಟನ್ನು ಹಿಂದಕ್ಕೆ ಎಸೆದು ಗಲ್ಲದ ಕೆಳಗಿನ ನೆರಳನ್ನು ತಿಳಿಗೊಳಿಸುತ್ತದೆ. ನಗರದ ಚಿತ್ರಶಾಲೆಗಳು ಪರದೆಗಳಿಂದಲೂ ಪ್ರತಿಫಲಕಗಳಿಂದಲೂ ಪಡೆಯುವ ಪರಿಣಾಮ ಇಲ್ಲಿ ತಾನಾಗಿಯೇ ಬರುತ್ತಿತ್ತು.

ಇಲ್ಲಿ ನಮಗೆ ಮುಖ್ಯವಾಗಿ ಕಂಡ ಅಂಶ ಮತ್ತೊಂದು. ಮಹಾತ್ಮರ ದಿನಚರಿಯ ಹೆಚ್ಚಿನ ಭಾಗ ಕಣ್ಣಿನ ಕೆಲಸ: ಓದುವುದು, ಪತ್ರ ಬರೆಯುವುದು, ನೂಲುವುದು. ಕಣ್ಣಿನ ಕೆಲಸ ಮಾಡುವವನು ಯಾರೂ ಹೇಳದೆಯೇ ಬೆಳಕಿನ ಕಡೆಗೆ ಸರಿಯುತ್ತಾನೆ. ೧೯೪೦ರಲ್ಲಿ ಸೇವಾಗ್ರಾಮದಲ್ಲಿ ಮಹಾತ್ಮರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕುಷ್ಠರೋಗದ ಅಣುಜೀವಿಗಳನ್ನು ನೋಡುತ್ತಿರುವ ಚಿತ್ರವನ್ನು ನೋಡಿರಿ. ಬೆಳಕಿಲ್ಲದೆ ಸೂಕ್ಷ್ಮದರ್ಶಕ ಕೆಲಸಮಾಡದು. ಆ ಉಪಕರಣಕ್ಕೆ ಬೇಕಾದ ಬೆಳಕೇ ಚಿತ್ರಕ್ಕೂ ಒದಗಿದೆ; ಆ ಕೆಲಸಕ್ಕೆ ಬೇಕಾದ ಏಕಾಗ್ರತೆಯೇ ಮುಖಭಾವವಾಗಿದೆ. ಒಳ್ಳೆಯ ಬೆಳಕು ಮತ್ತು ಸಹಜ ಮುಖಭಾವ ಎರಡು ಬೇರೆ ಬೇರೆ ಸಾಧನೆಗಳೆಂದು ಛಾಯಾಗ್ರಹಣದ ಕೈಪಿಡಿಗಳು ಪಾಠ ಹೇಳುತ್ತವೆ. ಕನು ಗಾಂಧಿಯವರ ಉತ್ತಮ ಚಿತ್ರಗಳಲ್ಲಿ ಅವೆರಡೂ ಒಂದೇ ಮೂಲದಿಂದ, ಎಂದರೆ ಮಾಡುತ್ತಿರುವ ಕೆಲಸದಿಂದ ಹುಟ್ಟಿವೆ. ೧೯೪೫ರಲ್ಲಿ ಮುಂಬಯಿಯ ಬಿರ್ಲಾ ಭವನದಲ್ಲಿ ತೂಕದ ಯಂತ್ರದ ಮೇಲೆ ನಿಂತಿರುವ ಚಿತ್ರ, ರೈಲಿನ ಕಿಟಕಿಯಿಂದ ಕೈಚಾಚಿ ಹರಿಜನ ನಿಧಿಗೆ ಹಣ ಸ್ವೀಕರಿಸುತ್ತಿರುವ ಚಿತ್ರ, ಇವುಗಳಲ್ಲಿಯೂ ಮನಸ್ಸು ಕೆಲಸದಲ್ಲಿದೆ. ಕ್ಯಾಮರಾದ ಕಡೆಗೆ ಇಲ್ಲ.

ಮಹಾತ್ಮರು ಜಗತ್ತಿನಲ್ಲಿ ಅತಿ ಹೆಚ್ಚು ಚಿತ್ರಿತರಾದ ವ್ಯಕ್ತಿಗಳಲ್ಲಿ ಒಬ್ಬರು. ಕ್ಯಾಮರಾದ ಶಕ್ತಿಯನ್ನು ಅರಿಯದವರಲ್ಲ. ಆದುದರಿಂದ ಅವರ ಯಾವ ಚಿತ್ರವೂ ಸಹಜವಲ್ಲ ಎಂಬ ಆಕ್ಷೇಪ ಇಲ್ಲಿ ಬರಬಹುದು. ಆಕ್ಷೇಪದಲ್ಲಿ ಸತ್ಯಾಂಶವಿದೆ. ೧೯೪೬ರಲ್ಲಿ ಅಮೆರಿಕದ ಮಾರ್ಗರೆಟ್ ಬರ್ಕ್-ವೈಟ್ ಅವರು ತೆಗೆದ ಚರಕದ ಚಿತ್ರವನ್ನು ಇದಕ್ಕೆ ನಿದರ್ಶನವಾಗಿ ಕೊಡಬಹುದು. ಮೊದಲು ನೂಲುವುದನ್ನು ಕಲಿಯಬೇಕೆಂದು ತಮಗೆ ಹೇಳಲಾಯಿತೆಂದೂ ಮೂರೇ ಮೂರು ಮಿಂಚುಬಲ್ಬುಗಳಿಗೆ ಅನುಮತಿ ದೊರೆಯಿತೆಂದೂ ಆಕೆ ಬರೆದಿದ್ದಾರೆ. ಮುಂದೆ ದೊಡ್ಡದಾಗಿ ಚರಕ, ಹಿಂದೆ ಓದುತ್ತ ಕುಳಿತ ಮಹಾತ್ಮರು, ಕಿಟಕಿಯ ಬೆಳಕು: ಎಲ್ಲವೂ ತೂಗಿ ಇಟ್ಟಂತಿವೆ. ಅದು ಶ್ರೇಷ್ಠವಾದ ಚಿತ್ರವೆಂಬುದು ನಿರ್ವಿವಾದ. ಆದರೆ ಅದರ ವಸ್ತು ಒಬ್ಬ ವ್ಯಕ್ತಿಗಿಂತ ಹೆಚ್ಚಾಗಿ ಒಂದು ತತ್ತ್ವ. ಅತಿಥಿಗೆ ಮನೆ ತೋರುವ ಬಗೆಗೂ ಮನೆಯವನಿಗೆ ತೋರುವ ಬಗೆಗೂ ಇರುವ ಅಂತರವೇ ಈ ಎರಡು ಕೃತಿಗಳ ಅಂತರ. ಅದೇ ಮನೆಯಲ್ಲಿ ಉಂಡು, ಅದೇ ಪ್ರಾರ್ಥನೆಯಲ್ಲಿ ಕುಳಿತವನ ಕೈಯಲ್ಲಿ ದಿನವೂ ಕಾಣುವ ಕ್ಯಾಮರಾ ಕಾಲಕ್ರಮದಲ್ಲಿ ನೀರಿನ ಹೂಜಿಯಂತೆ ಪರಿಚಿತವಾಗುತ್ತದೆ. ಮಹಾತ್ಮರಿಗೆ ಅದರ ಅರಿವು ಇರಲಿಲ್ಲವೆಂದಲ್ಲ. ಅರಿವಿದ್ದೂ ಅದಕ್ಕಾಗಿ ಮುಖವನ್ನು ಬದಲಿಸಬೇಕಾದ ಕಾರಣ ಉಳಿದಿರಲಿಲ್ಲ. ಸಹಜತೆಗೆ ಅಜ್ಞಾನ ಅವಶ್ಯವಲ್ಲ, ವಿಶ್ವಾಸವಿದ್ದರೆ ಸಾಕು ಎಂಬುದು ನಮ್ಮ ನಿಲುವು.

ಹೀಗೆಂದು ಈ ಕೃತಿಯನ್ನು ಸಂಪೂರ್ಣ ಸಾಕ್ಷ್ಯವೆಂದು ಸ್ವೀಕರಿಸಬಹುದೇ? ಸಾಧ್ಯವಿಲ್ಲವೆಂದೇ ಹೇಳಬೇಕಾಗಿದೆ. ಆಶ್ರಮದ ದಿನ ಸೂರ್ಯೋದಯಕ್ಕೆ ಬಹಳ ಮುಂಚೆಯೇ, ಬೆಳಗಿನ ಜಾವದ ಪ್ರಾರ್ಥನೆಯೊಡನೆ ಆರಂಭವಾಗುತ್ತಿತ್ತು. ಮಿಂಚುಬೆಳಕಿಲ್ಲದ ಕ್ಯಾಮರಾಕ್ಕೆ ಆ ಕತ್ತಲೆಯ ಹೊತ್ತು ದಕ್ಕುವಂಥದಲ್ಲ. ಲಾಂದ್ರದ ಬೆಳಕಿನಲ್ಲಿ ನಡೆದ ಮಾತುಕತೆ, ಇರುಳಿನ ನಿದ್ದೆಗೇಡು, ಒಳಕೋಣೆಯ ರೋಗಿಯ ಶುಶ್ರೂಷೆ ಇವು ನಡೆದಿದ್ದರೂ ಚಿತ್ರಗಳಲ್ಲಿ ವಿರಳವಾಗಲೇಬೇಕು. ನಮ್ಮ ಕಣ್ಣಮುಂದೆ ನಿಲ್ಲುವ ಮಹಾತ್ಮರು ಬಹುಮಟ್ಟಿಗೆ ಹಗಲಿನ, ಬಯಲಿನ, ನಡಿಗೆಯ ಮಹಾತ್ಮರು. ಆ ಪ್ರಸನ್ನತೆಯಲ್ಲಿ ಎಷ್ಟು ಪಾಲು ಅವರ ಸ್ವಭಾವದ್ದು, ಎಷ್ಟು ಪಾಲು ಸೂರ್ಯನದು ಎಂದು ವಿವೇಚಿಸದೆ ಚರಿತ್ರೆಯನ್ನು ಬರೆಯಲಾಗದು.

ಬೆಳಕಿನ ಮಿತಿಯ ಜೊತೆಗೆ ಅನುಮತಿಯ ಮಿತಿಯೂ ಉಂಟು. ೧೯೪೪ರ ಫೆಬ್ರುವರಿ ೨೨ರಂದು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಕಸ್ತೂರ್ಬಾ ಅವರು ಪತಿಯ ತೊಡೆಯ ಮೇಲೆ ಪ್ರಾಣಬಿಡುತ್ತಿದ್ದಾಗ, ಚಿತ್ರ ತೆಗೆಯಕೂಡದೆಂದು ಮಹಾತ್ಮರು ಕನು ಅವರನ್ನು ತಡೆದರು. ಕದ್ದು ತೆಗೆಯುವ ಮಾರ್ಗದವನಾಗಿದ್ದರೆ ಆ ಚಿತ್ರ ಇಂದು ಜಗತ್ಪ್ರಸಿದ್ಧವಾಗಿರುತ್ತಿತ್ತೋ ಏನೋ. ಅದು ಇಲ್ಲದಿರುವುದೇ, ಉಳಿದ ಚಿತ್ರಗಳೆಲ್ಲ ಒಪ್ಪಿಗೆಯಿಂದ ಬಂದುವೆಂಬುದಕ್ಕೆ ಆಧಾರ. ೧೯೪೮ರ ಜನವರಿ ೩೦ರಂದು ಕನು ಅವರು ನೌಖಾಲಿಯಲ್ಲಿದ್ದರು. ಹತ್ತು ವರ್ಷ ಬಳಿಯಲ್ಲಿದ್ದ ಕ್ಯಾಮರಾ ಕಡೆಯ ಗಳಿಗೆಯಲ್ಲಿ ಬಳಿಯಲ್ಲಿರಲಿಲ್ಲ. ಶಾಸನವನ್ನು ಓದುವವನು ಒಡೆದುಹೋದ ಭಾಗವನ್ನೂ ಗುರುತಿಸಿ ಬರೆದುಕೊಳ್ಳುವಂತೆ, ಚಿತ್ರಸಂಪುಟವನ್ನು ಓದುವವನು ಇಂಥ ಖಾಲಿ ಸ್ಥಳಗಳನ್ನೂ ಗುರುತಿಸಬೇಕು.

ಕನು ಗಾಂಧಿಯವರ ಚಿತ್ರಗಳಿಗೆ ಅವರ ಜೀವಿತಕಾಲದಲ್ಲಿ ತಕ್ಕಷ್ಟು ವಿಮರ್ಶೆ ದೊರೆಯಲಿಲ್ಲ. ಅವರ ಚಿತ್ರಗಳ ಒಂದು ಸಂಪುಟ ದೆಹಲಿಯ ನಜರ್ ಪ್ರತಿಷ್ಠಾನದಿಂದ ಪ್ರಕಟವಾದುದು ಅವರು ಗತಿಸಿ ಸುಮಾರು ಮೂರು ದಶಕಗಳಾದ ಮೇಲೆ, ೨೦೧೫ರಲ್ಲಿ. ಅವರ ಎಲ್ಲ ಚಿತ್ರಗಳೂ ಸಮಾನವಾಗಿ ಉತ್ತಮವಲ್ಲ. ಕೆಲವೆಡೆ ಚಲನೆಯಿಂದ ಅಂಚು ಕದಡಿದೆ. ಕೆಲವೆಡೆ ಹಿಂದಿನ ಬೆಳಕು ಪ್ರಬಲವಾಗಿ ಮುಖ ಕಪ್ಪಾಗಿದೆ. ಚಿತ್ರಶಾಲೆಯ ಪಂಡಿತರು ಇವನ್ನು ದೋಷಗಳೆನ್ನಬಹುದು. ನಮ್ಮ ಉದ್ದೇಶಕ್ಕೆ ಅವು ನಿಬಂಧನೆಗಳನ್ನು ಪಾಲಿಸಿದುದರ ಗುರುತುಗಳು. ತಿದ್ದಿ ಹೊಳಪು ಕೊಟ್ಟ ಮುಖಗಳಿಗಿಂತ ಹೆಚ್ಚು ನಂಬತಕ್ಕವು.

ನಮ್ಮ ನಾಡಿನವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರು ಯುನಿಸೆಫ್ ಸಂಸ್ಥೆಗಾಗಿ ತೆಗೆದ ಮಕ್ಕಳ ಚಿತ್ರಗಳನ್ನೂ ಇದೇ ರೀತಿ ಪರೀಕ್ಷಿಸಲು ಅವಕಾಶವಿದೆ. ಮಗುವಿನ ಮುಖದಲ್ಲಿರುವ ನಗುವನ್ನು ಮೆಚ್ಚಿ ಮುಂದೆ ಸಾಗುವುದಕ್ಕೆ ಬದಲು, ಬೆಳಕು ಯಾವ ದಿಕ್ಕಿನದು, ಕ್ಯಾಮರಾ ಮಗುವಿನ ಎತ್ತರಕ್ಕೆ ಇಳಿದಿದೆಯೇ, ಮಗು ಯಾವ ಕೆಲಸದಲ್ಲಿ ಅಥವಾ ಆಟದಲ್ಲಿ ತೊಡಗಿದೆ, ತೆಗೆದವರಿಗೂ ಮಗುವಿಗೂ ನಡುವೆ ಯಾವ ಬಗೆಯ ಒಪ್ಪಿಗೆ ಇದ್ದಂತಿದೆ ಎಂದು ಕೇಳಬೇಕು. ಈ ಪ್ರಶ್ನೆಗಳಿಗೆ ಉತ್ತರ ಬಂದ ಮೇಲೆ ಮುಖಭಾವಕ್ಕೆ ಬರುವುದು ಕ್ಷೇಮಕರವಾದ ಕ್ರಮ. ನಮ್ಮ ಕಾಲೇಜುಗಳಲ್ಲಿ ಆಧಾರಸಾಮಗ್ರಿಗಳ ಪಾಠದಲ್ಲಿ ಶಾಸನಕ್ಕೂ ನಾಣ್ಯಕ್ಕೂ ಇರುವ ಪರೀಕ್ಷಾವಿಧಾನ ಛಾಯಾಚಿತ್ರಕ್ಕೆ ಇನ್ನೂ ಇಲ್ಲ. ಮನೆಮನೆಯಲ್ಲಿಯೂ ಇರುವ ಈ ಸಾಮಗ್ರಿ ವರ್ಷೇವರ್ಷೇ ನಶಿಸುತ್ತಿದೆ. ಚಿತ್ರದಲ್ಲಿರುವವರನ್ನು ಬಲ್ಲವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ.

ಆ ವಿದ್ಯಾರ್ಥಿನಿಯ ಚಿತ್ರದ ಹಿಂಬದಿಯಲ್ಲಿ ಈಗ ಎರಡು ಸಾಲುಗಳಿವೆ. ಅಜ್ಜಿಯ ಮಾತನ್ನು ಕೇಳಿ ಆಕೆಯೇ ಬರೆದದ್ದು. ಮುಂಜಾನೆ ಕಳೆದ ಬಿಸಿಲು, ಎದುರಿಗೆ ಸೂರ್ಯ, ಕಣ್ಣು ಬಿಡಲಾಗಲಿಲ್ಲ ಎಂದು ಒಂದು ಸಾಲು. ತೆಗೆದು ಮುಗಿದೊಡನೆ ಎದ್ದು ನಕ್ಕರು ಎಂದು ಮತ್ತೊಂದು. ಅಜ್ಜಿ ಇಲ್ಲದಿದ್ದರೆ ನಮ್ಮ ವ್ಯಾಖ್ಯಾನವೇ ಆ ಚಿತ್ರದ ಚರಿತ್ರೆಯಾಗಿ ನಿಲ್ಲುತ್ತಿತ್ತು.